ನೂರಾ ಹದಿನೇಳರ ನಡಿಗೆ

ನಮ್ಮೂರಿನ ರಸ್ತೆಗಳಿಗೆ ಕಾಯುವುದನ್ನು ಕಲಿಸಿದವರಲ್ಲಿ ನಾನೂ ಒಬ್ಬಳು. ಇದನ್ನು ಜಂಬದಿಂದ ಹೇಳಿಕೊಂಡು ತಿರುಗಿದ ಕಾಲವೂ ಇತ್ತು. ಈಗ ಯಾರಾದರೂ ಕೇಳಿದರೆ ಸರ್ಕಾರಿ ಕೆಲಸ ಎಂದಷ್ಟೇ ಹೇಳಿ ಮಾತು ತೇಲಿಸಿಬಿಡುತ್ತೇನೆ.

ಯೋಚನೆಯೇನೋ ಒಳ್ಳೆಯದೇ ಇತ್ತು. ವಯಸ್ಸಾದವರು ಅರ್ಧ ರಸ್ತೆ ದಾಟುವಷ್ಟರಲ್ಲಿ ಸಿಗ್ನಲ್ ಬದಲಾಗುತ್ತದೆ, ಬಸ್ಸಿನ ಮೆಟ್ಟಿಲು ಮೊಣಕಾಲಿಗೆ ಬರುತ್ತದೆ, ದಾರಿಯಲ್ಲಿ ಸುಸ್ತಾದರೆ ಕೂರಲು ಒಂದು ಕಟ್ಟೆ ಸಿಗುವುದಿಲ್ಲ. ಹಾಗಾಗಿ ಅವರು ಹೊರಗೆ ಹೋಗುವುದನ್ನೇ ಬಿಡುತ್ತಾರೆ, ಮನೆಯಲ್ಲಿ ಕೂತು ಕೂತು ಕಾಲು ಕಳೆದುಕೊಳ್ಳುತ್ತಾರೆ. ಮುದುಕರು ಊರಿನ ವೇಗಕ್ಕೆ ಓಡುವ ಬದಲು ಊರೇ ಅವರ ವೇಗಕ್ಕೆ ಇಳಿದರೆ ಏನಾಗುತ್ತದೆ ಎಂದು ನಾವು ಕೇಳಿಕೊಂಡೆವು. ಎಂಟು ಜನ ಎಂಜಿನಿಯರುಗಳು ಆರು ವರ್ಷ ತಲೆ ಕೆಡಿಸಿಕೊಂಡು ಹೆಜ್ಜೆಹಾಸನ್ನು ಮಾಡಿದೆವು.

ನೋಡುವುದಕ್ಕೆ ಅದು ಮಾಮೂಲಿ ಟೈಲ್ಸ್. ಫುಟ್‌ಪಾತಿನ ಮೇಲೂ ರಸ್ತೆ ದಾಟುವ ಪಟ್ಟೆಗಳ ಮೇಲೂ ಹಾಸಿದ್ದೇವೆ. ಕೆಳಗೆ ಕಾಲಿನ ಒತ್ತಡ ಅಳೆಯುವ ತೆಳ್ಳನೆಯ ಹಾಳೆ ಇದೆ. ಅದು ಮುಖ ನೋಡುವುದಿಲ್ಲ, ಹೆಸರು ಕೇಳುವುದಿಲ್ಲ, ಎಲ್ಲೂ ಕ್ಯಾಮೆರಾ ಇಲ್ಲ. ತೂಕವನ್ನೂ ನೆಚ್ಚಿಕೊಳ್ಳುವುದಿಲ್ಲ, ಏಕೆಂದರೆ ಕೈಯಲ್ಲಿ ಕಾಯಿಪಲ್ಯದ ಚೀಲವಿದ್ದರೆ ತೂಕ ಬದಲಾಗುತ್ತದೆ. ಅದು ಹಿಡಿದುಕೊಳ್ಳುವುದು ಲಯವನ್ನು ಮಾತ್ರ. ಹಿಮ್ಮಡಿ ಊರಿದ ಮೇಲೆ ಬೆರಳು ಊರಲು ಎಷ್ಟು ಹೊತ್ತು, ಎಡಗಾಲಿಗೂ ಬಲಗಾಲಿಗೂ ಎಷ್ಟು ಅಂತರ, ಎಲ್ಲಿ ತಡೆಯುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಒಬ್ಬರ ಲಯ ಇನ್ನೊಬ್ಬರಿಗಿಲ್ಲ. ಪ್ರತಿ ಲಯಕ್ಕೂ ಒಂದು ನಂಬರು. ಆ ನಂಬರಿನವರು ಪಟ್ಟೆಯ ಮೇಲೆ ಕಾಲಿಟ್ಟರೆ ಸಿಗ್ನಲ್ ಅವರಿಗೆ ಬೇಕಾದಷ್ಟು ಹೊತ್ತು ಕಾಯುತ್ತದೆ, ಬಸ್ಸು ಮೆಟ್ಟಿಲು ಇಳಿಸುತ್ತದೆ, ಬೆಂಚು ಅವರ ಮಂಡಿಯ ಎತ್ತರಕ್ಕೆ ಬರುತ್ತದೆ.

ಇನ್ನೊಂದು ಸೌಲಭ್ಯವಿತ್ತು, ಅದು ನನ್ನದೇ ಸಲಹೆ. ಕಂಪವಾತ ಇರುವವರಿಗೆ ನಡೆಯುತ್ತ ನಡೆಯುತ್ತ ಕಾಲು ನೆಲಕ್ಕೆ ಅಂಟಿಕೊಂಡಂತೆ ಆಗಿಬಿಡುತ್ತದೆ. ಎದುರಿಗೆ ಒಂದು ಗೆರೆ ಎಳೆದು ಇದನ್ನು ದಾಟಿ ಎಂದರೆ ದಾಟುತ್ತಾರೆ. ಇದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅದಕ್ಕೆ ಟೈಲ್ಸಿನ ಒಳಗೆ ದೀಪ ಇಟ್ಟೆವು. ಮುಂದಿನ ಹೆಜ್ಜೆ ಎಲ್ಲಿಗೆ ಬೀಳಬೇಕೋ ಅಲ್ಲಿ, ಆ ಮನುಷ್ಯನ ಲಯಕ್ಕೆ ತಕ್ಕ ಹಾಗೆ, ಒಂದು ಹಳದಿ ಗೆರೆ ಹೊತ್ತಿಕೊಳ್ಳುತ್ತದೆ. ನಮ್ಮಪ್ಪನಿಗೆ ಕಂಪವಾತ ಇತ್ತು.

ಅಪ್ಪ, ಪಾಲಾಕ್ಷಪ್ಪ, ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿದವರು. ಮಿಲ್ಲು ಮುಚ್ಚಿ ನಲವತ್ತು ವರ್ಷವಾದರೂ ನಾವು ಮಿಲ್ ಚಾಳಿನ ಓಣಿ ಬಿಟ್ಟಿರಲಿಲ್ಲ. ಹೆಜ್ಜೆಹಾಸಿನ ಮೇಲೆ ಮೊಟ್ಟಮೊದಲು ನಡೆದು ತೋರಿಸಿದವರು ಅವರೇ. ಯಾವ ನಂಬರು ಕೊಡಲಿ ಎಂದು ತಮಾಷೆಗೆ ಕೇಳಿದ್ದೆ.

"ನೂರಾ ಹದಿನೇಳು ಕೊಡು. ಅದು ನಂದೇ," ಎಂದಿದ್ದರು. ಮಿಲ್ಲಿನಲ್ಲಿ ಅವರ ಬಿಲ್ಲೆಯ ನಂಬರು ಅದು. ಪಕ್ಕದಲ್ಲಿ ನಿಂತಿದ್ದ ಅವರ ಗೆಳೆಯ ಖಾಜಾ ಹುಸೇನ್, "ಹಂಗಾದ್ರೆ ನೂರಾ ಹದಿನೆಂಟು ನಂದು," ಎಂದು ತಕ್ಷಣ ಹೇಳಿದರು. ಇಬ್ಬರದೂ ಜೋಡಿ ಮಗ್ಗ. ಮಗ್ಗದ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲವಾದ್ದರಿಂದ ಕೈಸನ್ನೆಯಲ್ಲೇ ಮಾತಾಡಿ ಅಭ್ಯಾಸವಾಗಿ, ಮುದುಕರಾದ ಮೇಲೂ ರಸ್ತೆಯ ಆಚೆ ಈಚೆ ನಿಂತು ಕೈ ಆಡಿಸಿ ಹರಟುತ್ತಿದ್ದರು. ಎರಡು ಮುಂಗೈಗಳನ್ನು ಅಡ್ಡ ಹಿಡಿದು ಬಿಡಿಸಿದರೆ ಪಾಳಿ ಮುಗಿಯಿತು, ಮಗ್ಗ ನಿಲ್ಲಿಸು ಎಂದರ್ಥ. ಚಿಕ್ಕಂದಿನಲ್ಲಿ ನನ್ನ ಓದು ನಿಲ್ಲಿಸಿ ಊಟಕ್ಕೆ ಎಬ್ಬಿಸಲು ಅಪ್ಪ ಅದನ್ನೇ ಮಾಡುತ್ತಿದ್ದರು.

ಎರಡು ನಿಯಮ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಅವೇ ಕಾರಣ. ಒಂದು, ಏಳು ಹಿರಿಯ ನಡಿಗೆಗಳಿರುವ ಓಣಿಗೆ ಮಾತ್ರ ಬಸ್ ಸ್ಟಾಪು, ಬೆಂಚು, ಹಿಡಿಕೆಯಿರುವ ಶೌಚಾಲಯ. ಏಳಕ್ಕಿಂತ ಕಡಿಮೆಯಾದರೆ ತಿಂಗಳ ನೋಟಿಸು ಕೊಟ್ಟು ಬೇರೆ ಓಣಿಗೆ ಒಯ್ಯುತ್ತಾರೆ. ಎರಡು, ಇಪ್ಪತ್ತೊಂದು ದಿನ ಹೆಜ್ಜೆ ಬೀಳದ ನಂಬರು ತಾನಾಗಿ ಮಲಗುತ್ತದೆ. ಮಲಗಿದ ನಂಬರಿಗೂ ವಯಸ್ಸಾಗುತ್ತಿರುತ್ತದೆ. ಮಗಳ ಮನೆಗೆ ಹೋಗಿ ಆರು ತಿಂಗಳ ಮೇಲೆ ಬಂದ ಅಜ್ಜಿಗೆ ಹಳೆಯ ವೇಗ ಇರುವುದಿಲ್ಲವಲ್ಲ. ಬಂದಾಗ ಊರು ಸಿದ್ಧವಾಗಿರಲಿ ಎಂದು ಯಂತ್ರವೇ ಅವಳ ಮುಂದಿನ ನಡಿಗೆಯನ್ನು ಲೆಕ್ಕ ಹಾಕಿಡುತ್ತದೆ.

*

ಮೇ ತಿಂಗಳಲ್ಲಿ ಅಪ್ಪ ತೀರಿಕೊಂಡರು. ಎಂಬತ್ತನಾಲ್ಕು ವರ್ಷ, ಎದೆಯಲ್ಲಿ ಕಫ ಕಟ್ಟಿತ್ತು, ನಾಲ್ಕೇ ದಿನ. ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿಸಿ ಮರುದಿನ ನಾನು ಕೆಲಸಕ್ಕೆ ಹೋದೆ. ನನ್ನದು ಬೆಳಿಗ್ಗೆ ಆರರ ಪಾಳಿ. ಕಂಟ್ರೋಲ್ ರೂಮಿನ ಗೋಡೆ ತುಂಬ ಊರಿನ ನಕ್ಷೆ, ಅದರ ಮೇಲೆ ಇರುವೆಗಳ ಹಾಗೆ ನಿಧಾನವಾಗಿ ಹರಿದಾಡುವ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಬ್ಬ ಅಜ್ಜ, ಒಬ್ಬ ಅಜ್ಜಿ.

ಆರೂ ನಲವತ್ತಕ್ಕೆ ಆಪರೇಟರ್ ಜಯಣ್ಣ ಕಾಫಿ ಲೋಟ ಕೆಳಗಿಡುತ್ತ, "ಮೇಡಂ, ನೂರಾ ಹದಿನೇಳು ಹೊರಟರು ನೋಡಿ. ಎರಡು ವಾರ ಕಂಡಿರ್ಲಿಲ್ಲ, ಹುಷಾರಿರ್ಲಿಲ್ವೇನೋ," ಎಂದರು. ಆ ನಂಬರು ನಮ್ಮಪ್ಪನದೆಂದು ಅವರಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಬಾರದೆಂದೇ ನಿಯಮ.

ನಕ್ಷೆಯಲ್ಲಿ ಮಿಲ್ ಚಾಳಿನ ಓಣಿಯಿಂದ ಒಂದು ಚುಕ್ಕೆ ಹೊರಟಿತ್ತು. ಎರಡು ಹೆಜ್ಜೆ, ಒಂದು ತಡೆ. ಎರಡು ಹೆಜ್ಜೆ, ಒಂದು ತಡೆ. ಎಡಗಾಲು ಎಳೆತ. ನಮ್ಮ ಮನೆಯ ಗೇಟಿನ ಮುಂದೆ ಹಾದು, ಪಟ್ಟೆ ದಾಟಿ, ಬೇವಿನ ಮರದ ಬೆಂಚಿನ ಹತ್ತಿರ ನಿಂತಿತು.

ನನಗೆ ಹೆದರಿಕೆ ಆಗಲಿಲ್ಲ, ಆಸೆಯಾಯಿತು. ಅದನ್ನು ಈಗ ಒಪ್ಪಿಕೊಳ್ಳುವುದೇ ಒಳ್ಳೆಯದು. ಹತ್ತು ನಿಮಿಷದ ದಾರಿ, ಸ್ಕೂಟರ್ ಹತ್ತಿ ಹೋಗಿ ನೋಡಬಹುದಿತ್ತು. ನೋಡಿದರೆ ಅಪ್ಪ ಅಲ್ಲವೆಂದು ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ಹೋಗಲಿಲ್ಲ. ಯಾವುದೋ ಟೈಲ್ಸಿನ ದೋಷ ಎಂದು ಜಯಣ್ಣನಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ.

ಮನೆಗೆ ಬಂದರೆ ಅವ್ವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವ್ವನಿಗೆ ಕಣ್ಣಿನ ಒತ್ತಡದ ಕಾಯಿಲೆ. ಎದುರಿಗೆ ಬೆಳಕಿದೆಯೋ ಇಲ್ಲವೋ ಅಷ್ಟು ಮಾತ್ರ ತಿಳಿಯುತ್ತದೆ. ಗೇಟಿನ ಕಟ್ಟೆಯ ಮೇಲೆ ಒಂದು ಲೋಟ ಚಹಾ ಇತ್ತು, ಆರಿ ಕೆನೆ ಕಟ್ಟಿತ್ತು.

"ಇದು ಯಾರಿಗವ್ವ?"

"ನಿಮ್ಮಪ್ಪ ಬೆಳಿಗ್ಗೆ ಇತ್ಲಾಗೆ ಹೋದ್ರು. ಇಟ್ಟಿದ್ದೆ, ಕುಡೀಲಿಲ್ಲ," ಎಂದಳು, ಮಳೆ ಬಂತು ಎನ್ನುವಷ್ಟು ಸಾಧಾರಣವಾಗಿ.

"ಅವ್ವ, ಅಪ್ಪ ಇಲ್ಲಲ್ಲವ್ವ."

"ನನಗೇನು ಗೊತ್ತಿಲ್ಲೇನು? ಮಣ್ಣು ಹಾಕಿ ಬಂದೋಳು ನಾನೇ. ಆದ್ರೂ ಹೋದ್ರು. ಕಿವಿಗೆ ಕೇಳ್ತು. ಕೇಳಿದ್ದನ್ನ ಕೇಳಿಲ್ಲ ಅಂತ ಹೆಂಗೆ ಹೇಳ್ಲಿ?"

ಅವ್ವನ ಕಿವಿಗೂ ನನ್ನ ಯಂತ್ರಕ್ಕೂ ಒಂದೇ ಹೆಜ್ಜೆ ಕೇಳಿಸಿತ್ತು. ಕಾಯಿಲೆಯ ಆರು ವರ್ಷ ಅವರಿಬ್ಬರೂ ಮನೆಯೊಳಗೆ ಒಬ್ಬರನ್ನೊಬ್ಬರು ಹಿಡಿದುಕೊಂಡೇ ನಡೆದಿದ್ದರು. ಅಪ್ಪನಿಗೆ ಕಣ್ಣಿತ್ತು, ಅವ್ವನಿಗೆ ಕಾಲಿತ್ತು. ಕೋಣೆಯಿಂದ ಬಚ್ಚಲಿಗೆ, ಬಚ್ಚಲಿಂದ ಪಡಸಾಲೆಗೆ, ಅಪ್ಪನ ಬೆನ್ನ ಮೇಲೆ ಕೈಯಿಟ್ಟು ಅವ್ವ ಅವರ ಹೆಜ್ಜೆಗೆ ಹೆಜ್ಜೆ ಇಡುತ್ತಿದ್ದಳು. ಹೊರಗೆ ಮಾತ್ರ ಬರುತ್ತಿರಲಿಲ್ಲ. ಕುರುಡಿ ಬಂದಳು ಅನ್ನಿಸಿಕೊಳ್ಳೋಕೆ ನಾನ್ಯಾಕೆ ಬರಲಿ ಎನ್ನುತ್ತಿದ್ದಳು. ಹೆಜ್ಜೆಹಾಸಿನ ಮೇಲೆ ಅವಳು ಒಂದು ದಿನವೂ ಕಾಲಿಟ್ಟಿರಲಿಲ್ಲ.

ಮರುದಿನದಿಂದ ನಾನೇ ಕೆಲಸಕ್ಕೆ ಹೊರಡುವ ಮೊದಲು ಚಹಾ ಸೋಸಿ ಫ್ಲಾಸ್ಕಿಗೆ ಹಾಕಿಟ್ಟು ಹೋಗುತ್ತಿದ್ದೆ.

*

ಜೂನ್ ಕಳೆಯಿತು, ಜುಲೈ ಬಂತು. ನೂರಾ ಹದಿನೇಳು ದಿನವೂ ನಡೆಯಿತು. ಒಂದು ಬೆಳಿಗ್ಗೆ ಜಯಣ್ಣ, "ಪಾಪ, ಈ ಅಜ್ಜ ತೀರಾ ಕುಗ್ಗಿಬಿಟ್ಟರು ಮೇಡಂ," ಎಂದಾಗ ಲೆಕ್ಕ ತೆಗೆದು ನೋಡಿದೆ.

ಅಪ್ಪನ ಕೊನೆಯ ನಡಿಗೆಯಲ್ಲಿ ಒಂದು ಹೆಜ್ಜೆ ಮೂವತ್ತೊಂದು ಸೆಂಟಿಮೀಟರ್ ಇತ್ತು. ಜೂನ್ ಕೊನೆಗೆ ಇಪ್ಪತ್ತಾರು, ಈಗ ಇಪ್ಪತ್ತು. ಪಟ್ಟೆ ದಾಟಲು ಮೂರು ನಿಮಿಷ ಸಾಕಾಗುತ್ತಿದ್ದದ್ದು ಈಗ ಏಳು ನಿಮಿಷ. ಸತ್ತವರ ಕಾಯಿಲೆ ಉಲ್ಬಣಿಸುತ್ತಿತ್ತು. ಅಷ್ಟು ದಿನ ಬೆಚ್ಚಗಿದ್ದ ನನ್ನ ಆಸೆ ಅವತ್ತು ಮೊದಲ ಸಲ ತಣ್ಣಗಾಯಿತು. ಅಪ್ಪ ಬದುಕಿದ್ದಾಗ ಹೀಗೆ ನಡೆದೇ ಇರಲಿಲ್ಲ. ಇದು ಅವರು ನಡೆಯದೆ ಬಿಟ್ಟುಹೋದ ನಡಿಗೆ.

ಅದೇ ವಾರ ಇನ್ನೊಂದು ಸೂಚನೆ ಬಂತು. ನೂರಾ ಹದಿನೆಂಟು, ಇಪ್ಪತ್ತೊಂದು ದಿನ ಹೆಜ್ಜೆ ಇಲ್ಲ, ನಂಬರು ಮಲಗಿದೆ. ಮಿಲ್ ಚಾಳಿನ ಓಣಿಯಲ್ಲಿ ಹಿರಿಯ ನಡಿಗೆ ಆರಕ್ಕೆ ಇಳಿದಿದೆ, ಸ್ಟಾಪು ಎತ್ತುವ ನೋಟಿಸು ಅಂಟಿಸಬೇಕು.

ಖಾಜಾ ಚಾಚಾ ಹಾಸಿಗೆ ಹಿಡಿದಿರಬೇಕು, ಇಲ್ಲವೇ ಅದಕ್ಕೂ ಕೆಟ್ಟದ್ದು ಆಗಿರಬೇಕು ಎಂದುಕೊಂಡೆ. ಮೂರು ಮನೆ ಆಚೆ ಇದ್ದರೂ ತಿಂಗಳಿಂದ ಅವರ ಮನೆ ಹೊಸ್ತಿಲು ತುಳಿದಿರಲಿಲ್ಲ. ನಾಚಿಕೆಯಾಗಿ ಸಂಜೆ ಹಣ್ಣು ಹಿಡಿದುಕೊಂಡು ಹೋದೆ. ಚಾಚಾ ಪಡಸಾಲೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು.

"ಏನವ್ವ ಸುವರ್ಣ, ದಾರಿ ತಪ್ಪಿ ಬಂದೇನು?"

"ಚಾಚಾ, ನೀವು ಮೂರು ವಾರದಿಂದ ಹೊರಗೇ ಬಂದಿಲ್ಲ ಅಂತ ತೋರಿಸ್ತಾ ಐತೆ. ಹುಷಾರಿಲ್ವೇನೋ ಅಂತ ಬಂದೆ."

ಅವರ ಸೊಸೆ ಷಮೀಮ್ ಒಳಗಿನಿಂದಲೇ, "ಹೊರಗೆ ಹೋಗದೆ ಏನಕ್ಕ? ದಿನಾ ಬೆಳಿಗ್ಗೆ ಹೋಗ್ತಾರೆ. ಮೊದಲು ಅರ್ಧ ತಾಸಿಗೆ ಬರೋರು, ಈಗ ಎರಡು ತಾಸು. ಕೇಳಿದ್ರೆ ಮಾತಾಡಂಗಿಲ್ಲ," ಎಂದಳು.

ಚಾಚಾ ಮಂಡಕ್ಕಿಯ ತಟ್ಟೆ ಪಕ್ಕಕ್ಕಿಟ್ಟರು. ಇಡುವಾಗ ಅವರ ಎಡಗೈ ನಡುಗಿತು. ಹೆಬ್ಬೆರಳು ತೋರುಬೆರಳನ್ನು ಉಜ್ಜುವಂತಹ ಆ ನಡುಕ ನನಗೆ ಚೆನ್ನಾಗಿ ಗೊತ್ತು. ಅಪ್ಪನ ಕೈಯನ್ನು ಆರು ವರ್ಷ ಹಿಡಿದುಕೊಂಡಿದ್ದೇನೆ.

"ಬಿಲ್ಲೆ ಹಾಕಿದೆ ಕಣವ್ವ," ಎಂದರು ತಲೆ ಎತ್ತದೆ.

ನನಗೆ ಅರ್ಥವಾಗಲಿಲ್ಲ. ಅವರು ಸಾವಕಾಶವಾಗಿ ಬಿಡಿಸಿ ಹೇಳಿದರು. ಮಿಲ್ಲಿನ ಬಾಗಿಲಲ್ಲಿ ಮೊಳೆ ಹೊಡೆದ ಹಲಗೆ ಇರುತ್ತಿತ್ತು. ಒಳಗೆ ಹೋಗುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ತನ್ನ ಮೊಳೆಗೆ ಹಾಕಬೇಕು. ಬಿಲ್ಲೆ ಇಲ್ಲದಿದ್ದರೆ ಗೈರುಹಾಜರಿ, ನಾಲ್ಕು ಸಲ ಗೈರಾದರೆ ಕೆಲಸವೇ ಇಲ್ಲ. ಅದಕ್ಕೆ ಜೋಡಿಯವನು ಮಲಗಿದರೆ ಅವನ ಬಿಲ್ಲೆಯನ್ನೂ ಇವನೇ ಹಾಕಿ, ಅವನ ಮಗ್ಗವನ್ನೂ ಇವನೇ ಓಡಿಸುವುದು. ಮೇಸ್ತ್ರಿ ಮಗ್ಗ ಓಡುತ್ತಿದೆಯೇ ಎಂದು ನೋಡುತ್ತಿದ್ದನೇ ಹೊರತು ತಲೆ ಎಣಿಸುತ್ತಿರಲಿಲ್ಲ.

"ಎಪ್ಪತ್ತೆಂಟರಾಗೆ ನನಗೆ ಕಾಮಾಲೆ ಆಗಿತ್ತು. ಹತ್ತೊಂಬತ್ತು ದಿನ ನಿಮ್ಮಪ್ಪ ನನ್ನ ಬಿಲ್ಲೆ ಹಾಕ್ಯಾನೆ. ನಾನು ಚಾಪೆ ಮ್ಯಾಲೆ ಬಿದ್ದಿದ್ರೂ ಮಿಲ್ಲಿನಾಗೆ ಹಾಜರು. ಈಗ ಅವನು ಹೋದ, ಓಣಿ ಆರಕ್ಕೆ ಬಂತು. ಸ್ಟಾಪು ಕಿತ್ರೆ ಗಂಗಮ್ಮನ ಗತಿ ಏನು? ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧ ಮಾಡಿಸ್ಕೊಂಡು ಬರಬೇಕು ಅವಳು. ಅದಕ್ಕೆ ಅವನ ಬಿಲ್ಲೆ ನಾನು ಹಾಕಿದೆ. ಬೆಳಿಗ್ಗೆ ಅವನ ನಡಿಗೆ, ಸಂಜೆಗೆ ನನ್ನದು."

"ನಡಿಗೆ ಹೆಂಗೆ ಬಂತು ಚಾಚಾ?"

"ಅಷ್ಟು ವರ್ಷ ಪಕ್ಕದಾಗೆ ನೋಡೀನಿ. ಮೊದಲ ಮೂರು ದಿನ ಸರಿ ಹೊಂದಲಿಲ್ಲ. ನಾಲ್ಕನೇ ದಿನ ದೀಪ ಹತ್ತಿತು ನೋಡು. ದೀಪ ಹತ್ತಿದ ಮ್ಯಾಲೆ ನಂದೇನೂ ಕೆಲಸಿಲ್ಲ. ಅದು ಎಲ್ಲಿ ತೋರಿಸ್ತೈತೋ ಅಲ್ಲಿ ಕಾಲಿಡೋದು."

ನಾನು ಲೆಕ್ಕ ಹಾಕಿದೆ. ಅವರು ಅಪ್ಪನ ನಡಿಗೆ ನಡೆಯುತ್ತಿದ್ದರು. ಅಪ್ಪನಿಗೆ ವಯಸ್ಸಾಗುತ್ತಿದೆ ಎಂದುಕೊಂಡ ಯಂತ್ರ ದಿನದಿನಕ್ಕೂ ಹೆಜ್ಜೆಯನ್ನು ಚಿಕ್ಕದು ಮಾಡಿ ತೋರಿಸುತ್ತಿತ್ತು. ಇವರು ಅದನ್ನು ಕಲಿಯುತ್ತಿದ್ದರು. ಇವರು ಕಲಿತದ್ದನ್ನು ಕಂಡು ಯಂತ್ರ ತನ್ನ ಲೆಕ್ಕ ಸರಿಯೇ ಎಂದುಕೊಂಡು ಮರುದಿನ ಇನ್ನಷ್ಟು ಚಿಕ್ಕದು ಮಾಡುತ್ತಿತ್ತು. ಬದುಕಿಲ್ಲದ ಒಬ್ಬನ ಕಾಯಿಲೆ ಬದುಕಿರುವ ಇನ್ನೊಬ್ಬನ ಕಾಲಿನಲ್ಲಿ ಬೆಳೆಯುತ್ತಿತ್ತು.

"ಸಂಜೆ ನಡಿಗೆ ಯಾಕೆ ಬಿಟ್ರಿ?"

"ಬಿಟ್ಟಿಲ್ಲ. ಸಂಜೆಗೂ ನಡೀತೀನಿ."

"ಹಂಗಾದ್ರೆ ಈಗ ಒಂದ್ಸಲ ನಿಮ್ಮ ನಡಿಗೇಲಿ ಬಾಗಿಲ ತನಕ ನಡೀರಿ ನೋಡೋಣ."

ಖಾಜಾ ಚಾಚಾ ಎಂದರೆ ಇಡೀ ಓಣಿಗೆ ಅವರ ಬಲ ಹಿಮ್ಮಡಿಯ ಸದ್ದು ಗೊತ್ತಿತ್ತು. ಮಗ್ಗದಿಂದ ಮಗ್ಗಕ್ಕೆ ಓಡಾಡಿದ ಕಾಲು, ಠಪ್ ಠಪ್ ಎಂದು ನೆಲ ಗುದ್ದಿಕೊಂಡು ನಡೆಯುತ್ತಿದ್ದರು. ಈಗ ಎದ್ದು ನಿಂತರು. ಎರಡು ಹೆಜ್ಜೆ ಇಟ್ಟು ತಡೆದರು. ಎಡಗಾಲು ಎಳೆಯಿತು. ಮತ್ತೆ ಎರಡು ಹೆಜ್ಜೆ. ಬಾಗಿಲ ಹತ್ತಿರ ನಿಂತು ತಮ್ಮ ಪಾದಗಳನ್ನೇ ನೋಡಿಕೊಂಡರು.

"ಇದು ನಂದಲ್ಲೇನು?" ಎಂದರು. ನನ್ನತ್ತ ತಿರುಗಿ, "ನಂದು ಹೆಂಗಿತ್ತವ್ವ?" ಎಂದು ಕೇಳಿದರು.

ಒಳಬಾಗಿಲಿಗೆ ಬಂದು ನೋಡುತ್ತಿದ್ದ ಷಮೀಮ್ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು.

*

ಮರುದಿನ ಕಂಟ್ರೋಲ್ ರೂಮಿನಲ್ಲಿ ನೂರಾ ಹದಿನೇಳರ ಗೆರೆಯನ್ನು ಮುಂದಕ್ಕೆ ಓಡಿಸಿ ನೋಡಿದೆ. ಹೆಜ್ಜೆಯ ಉದ್ದ ಇಳಿಯುತ್ತ ಇಳಿಯುತ್ತ ಆಗಸ್ಟ್ ಇಪ್ಪತ್ತೆರಡಕ್ಕೆ ಸೊನ್ನೆಗೆ ಬಂದು ಮುಟ್ಟುತ್ತಿತ್ತು.

ಸೊನ್ನೆ ಎಂದರೆ ಏನು? ನಮ್ಮ ಕಚೇರಿಯ ಹಿತ್ತಲಲ್ಲಿ ಪರೀಕ್ಷೆಗೆಂದು ಹಾಸಿದ ಹನ್ನೆರಡು ಟೈಲ್ಸಿನ ಸಾಲಿತ್ತು. ಯಂತ್ರಕ್ಕೆ ಇಪ್ಪತ್ತೆರಡನೇ ತಾರೀಖು ಎಂದು ಸುಳ್ಳು ಹೇಳಿ, ದೀಪ ಹಚ್ಚಿ, ಅದು ತೋರಿಸಿದಲ್ಲಿ ನಾನೇ ಕಾಲಿಟ್ಟು ನೋಡಿದೆ. ಹಳದಿ ಗೆರೆ ಮೂರು ಟೈಲ್ಸ್ ಮುಂದೆ ಹೋಗಿ ನಾಲ್ಕನೆಯದರ ಮೇಲೆ ನಿಂತಿತು. ಆರಲಿಲ್ಲ, ಮುಂದೆಯೂ ಹೋಗಲಿಲ್ಲ. ಮುಕ್ಕಾಲು ತಾಸು ನಿಂತು ನೋಡಿದೆ. ಅದಕ್ಕೆ ನಾವು ಕಾಯುವುದನ್ನಷ್ಟೇ ಕಲಿಸಿದ್ದೆವು.

ಜುಲೈ ಕೊನೆಯ ದಾಖಲೆಯಲ್ಲಿ ಇನ್ನೊಂದು ಕಂಡಿತು. ಹಿಂದಿನ ಗುರುವಾರ ನೂರಾ ಹದಿನೇಳು ಪಟ್ಟೆಯ ನಡುವೆ ಹನ್ನೊಂದು ನಿಮಿಷ ಅಲುಗಾಡದೆ ನಿಂತಿತ್ತು. ಓಣಿಯಲ್ಲಿ ವಿಚಾರಿಸಿದರೆ, ಅಷ್ಟೂ ಹೊತ್ತು ಬಸ್ಸು, ಲಾರಿ, ಆಟೊ ಎಲ್ಲ ನಿಂತಿದ್ದವಂತೆ. ಯಾರೂ ಹಾರ್ನ್ ಮಾಡಿರಲಿಲ್ಲ, ಹೋಗಿ ಕೈ ಹಿಡಿದಿರಲೂ ಇಲ್ಲ. ಊರು ಕಾಯುತ್ತದಲ್ಲ, ನಾವ್ಯಾಕೆ ಮುಟ್ಟಬೇಕು ಎಂದು ಜನ ಕಲಿತುಬಿಟ್ಟಿದ್ದರು.

ಮಾಡಬೇಕಾದದ್ದು ಸ್ಪಷ್ಟವಿತ್ತು. ನೂರಾ ಹದಿನೇಳನ್ನು ತೆಗೆದುಹಾಕಬೇಕು, ಚಾಚಾಗೆ ಅವರ ನಡಿಗೆಯನ್ನು ವಾಪಸು ಕೊಡಬೇಕು. ತಡಮಾಡಿದರೆ ಆ ಮನುಷ್ಯ ನಡುರಸ್ತೆಯಲ್ಲಿ ನಿಂತವರು ನಿಂತೇಬಿಡುತ್ತಾರೆ. ಆದರೂ ಹತ್ತು ದಿನ ತಡಮಾಡಿದೆ. ಬೆಳಿಗ್ಗೆ ಚಹಾ ಸೋಸುವಾಗ ಅವ್ವ, "ಸಕ್ಕರೆ ಒಂಚೂರು ಮುಂದಾಗಿ ಹಾಕು, ನಿಮ್ಮಪ್ಪಗೆ," ಎನ್ನುತ್ತಿದ್ದಳು. ಅವಳಿಂದ ಆ ಸದ್ದನ್ನು ಕಿತ್ತುಕೊಳ್ಳುವವಳು ನಾನೇ ಆಗಬೇಕಿತ್ತು.

ಆಗಸ್ಟ್ ಹನ್ನೆರಡರಂದು ಹೆಜ್ಜೆಹಾಸನ್ನು ನಿಯಂತ್ರಿಸುವ ಕೈಯಂತ್ರ ಹಿಡಿದು ಪಟ್ಟೆಯ ಆಚೆ ಬದಿ ನಿಂತೆ. ದಾಟುತ್ತಿರುವವರ ನಂಬರನ್ನು ಮುಟ್ಟುವ ಹಾಗಿಲ್ಲ, ಅಪಘಾತವಾಗದಿರಲೆಂದು ನಾವೇ ಮಾಡಿದ ಕಟ್ಟುಪಾಡು. ಹಾಗಾಗಿ ಚಾಚಾ ಪಟ್ಟೆಗಿಳಿಯುವ ಮೊದಲೇ, ಫುಟ್‌ಪಾತಿನ ತುದಿಯಲ್ಲಿರುವಾಗಲೇ ಮುಗಿಸಬೇಕಿತ್ತು. ಪರದೆಯ ಮೇಲೆ ಎರಡು ಗುಂಡಿ. ಮಲಗಿಸು, ಅಳಿಸು. ಅಳಿಸು ಎಂಬುದರ ಮೇಲೆ ಬೆರಳಿಟ್ಟೆ. ಅಪ್ಪನ ಆರು ವರ್ಷದ ಪ್ರತಿ ಹೆಜ್ಜೆಯೂ ಅದರೊಳಗಿತ್ತು, ಅಳಿಸಿದರೆ ಜಗತ್ತಿನಲ್ಲಿ ಇನ್ನೆಲ್ಲೂ ಇರುವುದಿಲ್ಲ. ಬೆರಳು ಜರುಗಿಸಿ ಮಲಗಿಸು ಎಂಬುದನ್ನು ಒತ್ತಿದೆ. ಅದೇ ನಾನು ಮಾಡಿದ ತಪ್ಪು.

ಚಾಚಾ ಕಾಲ ಬಳಿಯ ಹಳದಿ ಗೆರೆ ಆರಿತು. ಅವರು ಒಂದು ಕಾಲು ಅರ್ಧ ಎತ್ತಿಕೊಂಡು ಹಾಗೇ ನಿಂತರು. ನಾನು ನೂರಾ ಹದಿನೆಂಟರ ಹಳೆಯ ನಡಿಗೆಯನ್ನು ತೆಗೆದು ದೀಪಕ್ಕೆ ಕೊಟ್ಟೆ. ಅವರದೇ ಉದ್ದನೆಯ ಹೆಜ್ಜೆಗೆ ದೀಪ ಹತ್ತಿತು. ಅವರು ಅದನ್ನು ಗುರುತು ಹಿಡಿಯಲಿಲ್ಲ. ಯಾರದೋ ದಾರಿಗೆ ಅಡ್ಡ ಬಂದವರಂತೆ ಸರಿದು ಜಾಗ ಬಿಡಲು ನೋಡಿದರು.

ವಾಹನಗಳ ಗದ್ದಲದಲ್ಲಿ ಕೂಗಿದರೂ ಕೇಳಿಸುತ್ತಿರಲಿಲ್ಲ. ಕೈಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಎರಡೂ ಮುಂಗೈ ಅಡ್ಡ ಹಿಡಿದು, ಬಿಡಿಸಿದೆ. ಪಾಳಿ ಮುಗಿಯಿತು, ಮಗ್ಗ ನಿಲ್ಲಿಸು. ಚಾಚಾ ಆಚೆಯಿಂದ ನನ್ನ ಕೈಯನ್ನೇ ನೋಡಿದರು. ಮತ್ತೊಮ್ಮೆ ಮಾಡಿದೆ. ಅವರ ಭುಜ ಇಳಿಯಿತು. ನಡುಗುವ ಕೈಗಳನ್ನು ಎತ್ತಿ ಅವರೂ ಅಡ್ಡ ಹಿಡಿದು ಬಿಡಿಸಿದರು. ಆಮೇಲೆ ಎದುರಿಗಿದ್ದ ದೀಪದ ಮೇಲೆ ಕಾಲಿಟ್ಟರು. ಮೊದಲ ನಾಲ್ಕು ಹೆಜ್ಜೆ ತೊಡರಿತು. ಐದನೆಯದಕ್ಕೆ ಬಲ ಹಿಮ್ಮಡಿ ಠಪ್ ಎಂದಿತು. ನನ್ನ ಬಳಿ ಬಂದು ನಿಂತಾಗ ಇಬ್ಬರ ಕಣ್ಣಲ್ಲೂ ನೀರಿತ್ತು.

"ಅವನು ಹೋದ ಕಣವ್ವ," ಎಂದರು. "ಈಗ ಹೋದ."

*

ಮರುದಿನ ನಾನು ರಜ ಹಾಕಿ ಮನೆಯಲ್ಲೇ ಇದ್ದೆ. ಆರೂ ನಲವತ್ತಕ್ಕೆ ಅವ್ವ ಗೇಟಿನ ಬಳಿ ಚಹಾ ಹಿಡಿದು ನಿಂತಳು. ಠಪ್ ಠಪ್ ಎಂದು ಸದ್ದು ಬಂದು ಹೋಯಿತು.

"ಖಾಜಾ ಹೋದ. ನಿಮ್ಮಪ್ಪ ಎಲ್ಲಿ?"

ಹೇಳಿಬಿಟ್ಟೆ, ಸೊನ್ನೆಯ ತಾರೀಖೊಂದನ್ನು ಬಿಟ್ಟು ಎಲ್ಲವನ್ನೂ. ಬಿಲ್ಲೆ, ದೀಪ, ನೋಟಿಸು, ಓಣಿ ಇನ್ನೂ ಆರರಲ್ಲೇ ಇರುವುದು. ಅವ್ವ ಅಳಲಿಲ್ಲ. ಚಹಾವನ್ನು ಗಿಡದ ಬುಡಕ್ಕೆ ಚೆಲ್ಲಿ ಒಳಗೆ ಹೋದಳು. ಮೂರು ದಿನ ಮನೆಯೊಳಗೆ ಒಬ್ಬಳೇ ಗೋಡೆ ಹಿಡಿದು ಆ ಕೋಣೆಯಿಂದ ಈ ಕೋಣೆಗೆ ಓಡಾಡಿದಳು. ದುಃಖಕ್ಕೆ ಹೀಗೆ ಮಾಡುತ್ತಾಳೆ ಎಂದುಕೊಂಡೆ. ನಾಲ್ಕನೇ ದಿನ, "ಏಳನೆಯವಳು ನಾನೇ ಆದ್ರೆ ಆಗಲ್ಲೇನು? ಗಂಗಮ್ಮ ಅಳ್ತಿದ್ಲು," ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ, ಹೊಸ ನಂಬರು ಕೊಡಿಸುತ್ತೇನೆ ಎಂದೆ. ಅವ್ವ ಭಾನುವಾರದವರೆಗೆ ಕಾಯಲಿಲ್ಲ.

ಆಗಸ್ಟ್ ಹತ್ತೊಂಬತ್ತು, ಬೆಳಿಗ್ಗೆ ಏಳೂವರೆ. ಜಯಣ್ಣ ಕನ್ನಡಕ ಸರಿಮಾಡಿಕೊಂಡು, "ಅರೆ ಮೇಡಂ, ನೂರಾ ಹದಿನೇಳು ಎದ್ದರು," ಎಂದರು.

ನಮ್ಮ ಮನೆಯ ಗೇಟಿನಿಂದ ಒಂದು ಚುಕ್ಕೆ ಹೊರಟಿತ್ತು. ಎರಡು ಹೆಜ್ಜೆ, ಒಂದು ತಡೆ. ಆರು ವರ್ಷ ಅಪ್ಪನ ಬೆನ್ನ ಹಿಂದೆ ನಡೆದು ಅವ್ವನಿಗೆ ತನ್ನದೆಂಬ ನಡಿಗೆಯೇ ಉಳಿದಿರಲಿಲ್ಲ. ಯಂತ್ರ ಅವಳಿಗೆ ಹೊಸ ನಂಬರು ಕೊಡುವ ಗೋಜಿಗೇ ಹೋಗದೆ, ಗೊತ್ತಿದ್ದ ಹಳೆಯ ಮನುಷ್ಯನನ್ನು ಎಬ್ಬಿಸಿತ್ತು. ಹೆಜ್ಜೆಯ ಉದ್ದ ಒಂಬತ್ತು ಸೆಂಟಿಮೀಟರ್ ಎಂದು ಪರದೆ ತೋರಿಸಿತು. ಸೊನ್ನೆಗೆ ಮೂರು ದಿನ ಬಾಕಿ.

ಸ್ಕೂಟರನ್ನು ಹೇಗೆ ಓಡಿಸಿದೆನೋ ಗೊತ್ತಿಲ್ಲ. ನಾನು ತಲುಪಿದಾಗ ಸಿಗ್ನಲ್ ಬಳಿ ವಾಹನಗಳು ಎರಡೂ ಕಡೆ ಸಾಲುಗಟ್ಟಿ ನಿಂತಿದ್ದವು. ಒಂದು ಬಸ್ಸಿನ ಡ್ರೈವರ್ ಎಂಜಿನ್ ಆರಿಸಿ ಬೀಡಿ ಹಚ್ಚಿದ್ದ. ಪಟ್ಟೆಯ ಮೇಲೆ ಕಾಲು ಭಾಗ ದಾಟಿ ಅವ್ವ ನಿಂತಿದ್ದಳು. ಕಾಲಿಗೆ ಅಪ್ಪನ ರಬ್ಬರ್ ಚಪ್ಪಲಿ. ತಲೆ ಬಗ್ಗಿಸಿ, ಕಾಣದ ಕಣ್ಣಿನಿಂದ ಮುಂದಿನ ಹಳದಿ ಗೆರೆಯನ್ನೇ ನೋಡುತ್ತಿದ್ದಳು. ಮುಖದಲ್ಲಿ ನಗುವಿತ್ತು.

"ಅವ್ವ, ಬಾ ಇತ್ಲಾಗೆ."

"ತಡಿ, ಬೆಳಕು ಬರ್ತೈತೆ. ಮುಂದೆ ಮುಂದೆ ಬರ್ತೈತೆ ನೋಡು. ನಿಮ್ಮಪ್ಪ ಕರ್ಕೊಂಡು ಹೋಗ್ತಾ ಇದಾರೆ. ಹಿಂಗೇ ಹೋದ್ರೆ ಇನ್ನು ಮೂರು ದಿನಕ್ಕೆ..."

"ಮೂರು ದಿನ ಅಂತ ನಿನಗೆ ಯಾರು ಹೇಳಿದ್ರು?"

ನಾನು ಆ ತಾರೀಖನ್ನು ಅವಳಿಗೆ ಹೇಳಿರಲಿಲ್ಲ. ಒಂಬತ್ತು ಸೆಂಟಿಮೀಟರ್ ಮುಂದೆ ಇನ್ನೊಂದು ಗೆರೆ ಹೊತ್ತಿತು. ಅವಳ ಕಾಲು ಅದರ ಮೇಲೆ ಹೋಗಿ ಕೂತಿತು.

ಕೈಸನ್ನೆ ಮಾಡಿದರೆ ಅವಳಿಗೆ ಕಾಣುವುದಿಲ್ಲ. ಎರಡೂ ತೋಳಿಂದ ಅವಳ ನಡು ಬಳಸಿ ಎತ್ತಿದೆ. ಎಪ್ಪತ್ತೊಂಬತ್ತು ವರ್ಷದ ಹೆಂಗಸು, ಹತ್ತಿಯ ಮೂಟೆಯಷ್ಟು ಹಗುರವಾಗಿದ್ದಳು. ಟೈಲ್ಸಿನಿಂದ ಇಳಿಸಿ, ನಿಂತ ಲಾರಿಯೊಂದರ ಮುಂದಿನಿಂದ ನಡೆಸಿಕೊಂಡು, ರಸ್ತೆ ಬದಿಯ ಮಣ್ಣಿಗೆ ತಂದು ನಿಲ್ಲಿಸಿದೆ. ಅಲ್ಲಿ ಹೆಜ್ಜೆಹಾಸು ಇರಲಿಲ್ಲ. ಕೈಯಂತ್ರ ತೆಗೆದು ಈ ಸಲ ಅಳಿಸು ಎಂಬುದನ್ನೇ ಒತ್ತಿದೆ.

ಪರದೆಯ ಮೇಲೆ ಎರಡು ಸಾಲು ಬಂತು. ನೂರಾ ಹದಿನೇಳು ರಸ್ತೆ ದಾಟುತ್ತಿದ್ದಾರೆ. ದಾಟಿದ ಮೇಲೆ ಅಳಿಸಲಾಗುವುದು.

ತಿರುಗಿ ನೋಡಿದೆ. ಖಾಲಿ ಪಟ್ಟೆಯ ಮೇಲೆ ಹಳದಿ ಗೆರೆ ಮುಂದೆ ಹೋಗುತ್ತಿತ್ತು. ಎರಡು ಹೆಜ್ಜೆ, ಒಂದು ತಡೆ. ಕಾಲಿನ ಒತ್ತಡ ಬೀಳದೆ ದೀಪ ಮುಂದೆ ಹೋಗಬಾರದು. ಅದನ್ನು ಮಾಡಿದವಳು ನಾನು, ನನಗೆ ಗೊತ್ತು. ಸಿಗ್ನಲ್ ಬದಲಾಗಲಿಲ್ಲ. ಒಂದು ವಾಹನವೂ ಅಲುಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಆ ಖಾಲಿ ಜಾಗವನ್ನು ನೋಡುತ್ತ ಕೂತಿದ್ದರು.

"ಯಾಕೆ ನಿಂತಿ?" ಅವ್ವ ಕೇಳಿದಳು.

"ಅಪ್ಪ ದಾಟ್ತಾ ಇದಾರೆ."

"ಹಂಗಾದ್ರೆ ಅವಸರ ಮಾಡಬ್ಯಾಡ," ಎಂದು ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

ನಲವತ್ತು ನಿಮಿಷ ನಿಂತೆವು. ಗೆರೆ ಕೊನೆಯ ಟೈಲ್ಸಿಗೆ ಬಂದು ಒಮ್ಮೆ ತಡೆದು, ಫುಟ್‌ಪಾತು ಹತ್ತಿತು. ಬೇವಿನ ಮರದ ಕೆಳಗಿನ ಬೆಂಚು ಮೆಲ್ಲಗೆ ಅಪ್ಪನ ಮಂಡಿಯ ಎತ್ತರಕ್ಕೆ ಏರಿತು. ಆಮೇಲೆ ಕೈಯಂತ್ರ ಸಣ್ಣಗೆ ಸದ್ದು ಮಾಡಿ, ಅಳಿಸಲಾಗಿದೆ ಎಂದಿತು. ಲಾರಿಗಳು ಹೊರಟವು.

"ದಾಟಿದ್ರಾ?"

"ದಾಟಿದ್ರವ್ವ."

ಅವ್ವ ಬಾಗಿ ಅಪ್ಪನ ಚಪ್ಪಲಿಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಮನೆ ಕಡೆಗೆ ಹೊರಟಳು. ಎರಡು ಹೆಜ್ಜೆ ಇಟ್ಟು ತಡೆದಳು. ಎಡಗಾಲು ಮಣ್ಣಿನ ಮೇಲೆ ಗೆರೆ ಎಳೆಯಿತು. ದೀಪವಿರಲಿಲ್ಲ, ಯಂತ್ರವಿರಲಿಲ್ಲ, ಆದರೂ ಎಳೆಯಿತು. ನಾನು ಅವಳ ಪಕ್ಕಕ್ಕೆ ಹೋಗಿ, ನನ್ನ ಹೆಜ್ಜೆ ಅವಳಿಗೆ ಕೇಳಿಸಲೆಂದು, ಹಿಮ್ಮಡಿಯನ್ನು ನೆಲಕ್ಕೆ ಗಟ್ಟಿಯಾಗಿ ಕುಟ್ಟುತ್ತ ನಡೆಯತೊಡಗಿದೆ.